ಪಾರಕ್ಕ ಕುಡಿದ ಎರಡು ಗುಟುಕು

ಕಳೆದ ಭಾನುವಾರ ಬೆಳಿಗ್ಗೆ ಧಾರವಾಡದಲ್ಲಿರುವ ನನ್ನ ದೂರದ ಸಂಬಂಧಿಯೊಬ್ಬರು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಕೆಳಗೆ ಒಂದು ಸಾಲು: 'ನಿಮ್ಮ ಹಾವೇರಿ ಕಡೆಯ ಮದ್ಯವಿರೋಧಿ ನಾಯಕಿಯಂತೆ. ನೋಡಿ ಮಜಾ.' ಅದರ ಹಿಂದೆ ಸಾಲಾಗಿ ನಗುವ ಮುಖಗಳು.

ಫೋಟೋ ತೆರೆದೆ. ಇಳಕಲ್ ಸೀರೆ ಉಟ್ಟ, ಐವತ್ತು ದಾಟಿದ ಹೆಂಗಸೊಬ್ಬಳು ಎರಡೂ ಕೈಯಲ್ಲಿ ದೊಡ್ಡ ಗಾಜಿನ ಮಗ್ಗು ಹಿಡಿದು ಬಾಯಿಗೆ ಎತ್ತಿದ್ದಾಳೆ. ಹಿಂದೆ ಕೆಂಪು ಕೋಟಿನ ಬ್ಯಾಂಡಿನವರು. ಎಡ ಅಂಚಿನಲ್ಲಿ ಯಾರದೋ ಒಂದು ಕೈ, ಅರ್ಧ ದುಪಟ್ಟಾ. ಮುಖ ಕತ್ತರಿಸಿ ಹೋಗಿದೆ.

ಆ ಕೈ ನನ್ನದು.

(ಸಂಬಂಧಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ನಗುವ ಮುಖಗಳು ಇನ್ನೂ ನಾಲ್ಕು ಹೆಚ್ಚಾಗುತ್ತಿದ್ದವು.)

ಒಂದು ತಿಂಗಳಿಂದ ಈ ಅಂಕಣದಲ್ಲಿ ಏನೇನೋ ಬರೆದೆ. ಬಸ್ಸಿನ ಸೀಟಿನ ಜಗಳದ ಬಗ್ಗೆ ಬರೆದೆ, ಮದುವೆ ಊಟದಲ್ಲಿ ಚೆಲ್ಲುವ ಅನ್ನದ ಬಗ್ಗೆ ಬರೆದೆ. ಬರೆಯಬೇಕಾದದ್ದು ಬೇರೆಯೇ ಇತ್ತು. ಫೋಟೋ ನೋಡಿದ ಮೇಲೆ ಆ ಹೆಂಗಸಿಗೇ ಫೋನ್ ಮಾಡಿ ಕೇಳಿದೆ, ಬರೆಯಲೇ ಅಂತ. ಆಕೆ, ಬರಿ, ಆದರೆ ನಡೆದದ್ದನ್ನು ನಡೆದ ಹಾಗೆ ಬರಿ, ನನ್ನನ್ನು ದೇವತೆ ಮಾಡಬೇಡ ಅಂದಳು.

ಹಾಗಾಗಿ ನಡೆದದ್ದನ್ನು ನಡೆದ ಹಾಗೆ.

ನಾನು ಹಾವೇರಿಯವಳು. ದಿನಾ ರಾಣೆಬೆನ್ನೂರಿಗೆ ಹೋಗಿಬಂದು, ಅಲ್ಲಿಯ ಬೀಜದ ಕಂಪನಿಯೊಂದರಲ್ಲಿ ಬೀಜ ಮೊಳಕೆ ಒಡೆಯುತ್ತದೋ ಇಲ್ಲವೋ ಎಂದು ನೋಡಿ ಹೇಳುವವಳು. (ಹೊಸ ಓದುಗರಿಗೆ ಮಾತ್ರ ಈ ಮಾಹಿತಿ. ಹಳಬರು ಕ್ಷಮಿಸಬೇಕು.) ಪಿಯುಸಿ ಓದುವಾಗ ಹಾವೇರಿಯ ಹುಡುಗಿಯರ ಹಾಸ್ಟೆಲಿನಲ್ಲಿ ನಾವು ಮೂವರು ಒಂದೇ ಕೋಣೆಯಲ್ಲಿದ್ದೆವು. ನಾನು, ಬ್ಯಾಡಗಿಯ ರೆಹಾನಾ, ಗುತ್ತಲದ ಹತ್ತಿರದ ಹಳ್ಳಿಯ ಪಾರ್ವತಿ. ಕೋಣೆ ಬಿಟ್ಟು ಮೂವತ್ತು ವರ್ಷ ದಾಟಿದೆ. ಜಗಳ ಮಾತ್ರ ಇನ್ನೂ ಬಿಟ್ಟಿಲ್ಲ.

ರೆಹಾನಾ ಈಗ ಬ್ಯಾಡಗಿಯಲ್ಲಿ ಅಪ್ಪನ ಮೆಣಸಿನಕಾಯಿ ವ್ಯಾಪಾರ ನೋಡಿಕೊಳ್ಳುತ್ತಾಳೆ. ಆ ಮಾರುಕಟ್ಟೆಯಲ್ಲಿ ಚೀಲದೊಳಗೆ ಕೈ ಹಾಕಿ, ನಾಲ್ಕು ಕಾಯಿ ಮುರಿದು ನೋಡಿ ಬೆಲೆ ಕೂಗುವ ಹೆಂಗಸರು ಎಷ್ಟಿದ್ದಾರೆ? ನನಗೆ ಗೊತ್ತಿರುವವಳು ಇವಳೊಬ್ಬಳೇ. ನಾನು ಆ ಓಣಿ ಹೊಕ್ಕರೆ ಸೀನು ನಿಲ್ಲುವುದಿಲ್ಲ. ಅವಳು ಅಲ್ಲೇ ಕುಳಿತು ಚಹಾ ಕುಡಿಯುತ್ತಾಳೆ.

ಪಾರ್ವತಿಯದು ಬೇರೆ ಕಥೆ. ನಮಗೆ ಪಾರಿ, ಊರಿಗೆಲ್ಲ ಪಾರಕ್ಕ. ಹತ್ತೊಂಬತ್ತಕ್ಕೆ ಮದುವೆಯಾಯಿತು. ಗಂಡ ಒಳ್ಳೆಯವನೇ, ಮಧ್ಯಾಹ್ನದವರೆಗೆ. ಆಮೇಲೆ ಕುಡಿತ. ಕೊನೆಗೆ ಲಿವರ್ ಹೋಗಿ ತೀರಿಕೊಂಡ. ಮಗಳು ವಿದ್ಯಾ ಆಗ ಹೈಸ್ಕೂಲು.

ಗಂಡ ಸತ್ತ ಮೇಲೆ ಪಾರಿ ಎರಡು ಕೆಲಸ ಮಾಡಿದಳು. ಊರಿನ ಹೆಂಗಸರನ್ನು ಸೇರಿಸಿ ಸಂಘ ಕಟ್ಟಿದಳು. ಮೆಣಸಿನಕಾಯಿ ತೊಟ್ಟು ಬಿಡಿಸುವುದು, ಒಣಗಿಸುವುದು, ಖಾರದ ಪುಡಿ ಕುಟ್ಟಿಸಿ ರೆಹಾನಾಳ ಅಂಗಡಿಗೆ ಕೊಡುವುದು. ಅದು ಒಂದು. ಇನ್ನೊಂದು, ಊರಿನ ಕಿರಾಣಿ ಅಂಗಡಿಯಲ್ಲಿ ಎಣ್ಣೆ, ಸಕ್ಕರೆ, ಬಿಸ್ಕೀಟಿನ ಹಿಂದೆ ಇಟ್ಟು ಕದ್ದು ಮಾರುತ್ತಿದ್ದ ಸಾರಾಯಿ ಪಾಕೀಟು ನಿಲ್ಲಿಸಿದ್ದು. ಅರ್ಜಿ ಕೊಟ್ಟಳು, ಆಗಲಿಲ್ಲ. ಕೊನೆಗೆ ಇಡೀ ಸಂಘವನ್ನು ಕರೆದುಕೊಂಡು ಹೋಗಿ ಅಂಗಡಿಯ ಮುಂದೆ ಕುಳಿತಳು. ಮೆಣಸಿನಕಾಯಿ ಚೀಲ ಸುರುವಿಕೊಂಡು, ತೊಟ್ಟು ಬಿಡಿಸುತ್ತಾ, ದಿನವಿಡೀ. ಯಾವ ಗಂಡಸು ಹೆಂಡತಿ, ಅತ್ತಿಗೆ, ಅವ್ವನ ಎದುರು ಪಾಕೀಟು ಕೇಳುತ್ತಾನೆ? ಮಾರಾಟ ನಿಂತಿತು. ಕೆಲವು ಗಂಡಸರು ಗುತ್ತಲಕ್ಕೆ ಹೋಗಿ ಕುಡಿದರು. ಕೆಲವರು ಬಸ್ಸಿನ ಬೇಸರಕ್ಕೋ ಏನೋ, ನಿಜವಾಗಿಯೂ ಬಿಟ್ಟರು.

ಬಿಟ್ಟವರಲ್ಲಿ ಒಬ್ಬ ಫಕೀರವ್ವನ ಗಂಡ. ಈ ಫಕೀರವ್ವನ ಹೆಸರು ನೆನಪಿಡಿ. ಸಂಘದಲ್ಲಿ ಪಾರಿಯ ಬಲಗೈ ಅವಳು.

ಈ ವರ್ಷ ರೆಹಾನಾಳಿಗೆ ಜರ್ಮನಿಯ ಒಬ್ಬ ಗ್ರಾಹಕಿ ಸಿಕ್ಕಳು. ಹೆಲ್ಗಾ ಅಂತ. ಮಸಾಲೆ ತರಿಸಿಕೊಂಡು ಮಾರುವವಳು. ಅಲ್ಲೊಂದು ಆಹಾರ ಮೇಳ ಇದೆ, ಬಾ, ನಿನ್ನ ಖಾರದ ಪುಡಿ ಮಾಡುವ ಹೆಂಗಸರ ಮುಖಂಡಳನ್ನೂ ಕರೆದುಕೊಂಡು ಬಾ ಅಂದಳು. ಪಾರಿ ಒಪ್ಪಲಿಲ್ಲ. ಸಂಘದ ಹೆಂಗಸರೇ ಹಟ ಮಾಡಿ ಒಪ್ಪಿಸಿದರು. ನಾನು? ನನ್ನನ್ನು ಯಾರೂ ಕರೆಯಲಿಲ್ಲ. ರಜೆ ಹಾಕಿ, ನಾನೇ ಟಿಕೆಟ್ ತೆಗೆಸಿ ಬಾಲ ಹಿಡಿದೆ. ಮೂವರೂ ಒಂದೇ ಕೋಣೆಯಲ್ಲಿ ಮಲಗಿ ಎಷ್ಟು ವರ್ಷವಾಗಿತ್ತು!

ಹೊರಡುವ ದಿನ ರಾಣೆಬೆನ್ನೂರು ಸ್ಟೇಷನ್ನಿಗೆ ಸಂಘದ ಅರ್ಧ ಮಂದಿ ಬಂದಿದ್ದರು. ಫಕೀರವ್ವ ಕಡಕ್ ರೊಟ್ಟಿಯ ದೊಡ್ಡ ಗಂಟನ್ನೇ ಹೊತ್ತು ತಂದಿದ್ದಳು, ಜೊತೆಗೆ ಶೇಂಗಾ ಚಟ್ನಿ. ರೈಲು ಹೊರಟಾಗ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಓಡಿ ಬಂದು, ಅಲ್ಲಿ ನಮ್ಮ ಹೆಸರೂ ಹೇಳಿ ಬಾ ಅಂದಳು.

ಮೇಳ ಚೆನ್ನಾಗಿಯೇ ಆಯಿತು. ಪಾರಿ ಸ್ಟಾಲಿನಲ್ಲಿ ನಿಂತು, ಬಂದವರಿಗೆಲ್ಲ ಕೈಮುಗಿದು, ಚಿಟಿಕೆ ಖಾರ ಅಂಗೈಗೆ ಹಾಕುತ್ತಿದ್ದಳು. ನಾಲಿಗೆಗೆ ಇಟ್ಟವರು ಇದು ಬಣ್ಣ ಮಾತ್ರ, ಖಾರ ಕಡಿಮೆ ಅಂತ ಆಶ್ಚರ್ಯಪಡುತ್ತಿದ್ದರು. ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಅದು ಅಂತ ರೆಹಾನಾ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಹೆಲ್ಗಾಗೆ ನಾವು ಹಾವೇರಿಯ ಏಲಕ್ಕಿ ಹಾರ ಹಾಕಿದೆವು. ಅದನ್ನು ಅವಳು ಇಡೀ ದಿನ ತೆಗೆಯಲಿಲ್ಲ. ಹತ್ತಿರ ಬಂದವರೆಲ್ಲ ಮೂಗು ಅರಳಿಸಿ ಹೋಗುತ್ತಿದ್ದರು.

ಶುಕ್ರವಾರ ಮೇಳ ಮುಗಿಯಿತು. ಸೋಮವಾರ ವಿಮಾನ. ಮಧ್ಯದ ಶನಿವಾರ, ಭಾನುವಾರ ಏನು ಮಾಡುವುದು? ಹೆಲ್ಗಾ ತನ್ನ ಊರಿಗೆ ಕರೆದಳು. ಅಲ್ಲಿ ಆ ವಾರಾಂತ್ಯ ಹಬ್ಬವಂತೆ.

ಬಿಯರ್ ಹಬ್ಬ.

ರೆಹಾನಾ ಮೊದಲು ಪಾರಿಯ ಮುಖ ನೋಡಿದಳು. ನಾನೂ ನೋಡಿದೆ. ಬೇಡ ಅನ್ನುತ್ತಾಳೆ, ಯಾವುದಾದರೂ ಕೋಟೆ ಗೀಟೆ ನೋಡಿಕೊಂಡು ಬಂದರಾಯಿತು ಅಂದುಕೊಂಡಿದ್ದೆವು. ಪಾರಿ ಸೆರಗು ಸರಿಮಾಡಿಕೊಂಡು, "ಹೋಗೂಣು. ಅದನ್ನೂ ನೋಡೂಣು" ಅಂದಳು.

ಭಾನುವಾರ ಹೋದೆವು. ಹಬ್ಬದ ಮೈದಾನ ಊರಿನ ಹೊರಗೆ ಹೊಳೆಯ ದಂಡೆಯಲ್ಲಿತ್ತು. ಮದುವೆ ಪೆಂಡಾಲಿನ ಹತ್ತು ಪಟ್ಟು ದೊಡ್ಡ ಟೆಂಟು. ಒಳಗೆ ಉದ್ದುದ್ದ ಹಲಗೆಯ ಬೆಂಚು, ಉದ್ದುದ್ದ ಮೇಜು. ಬ್ಯಾಂಡಿನ ಸದ್ದಿಗೆ ಎದೆ ಅದುರುತ್ತಿತ್ತು. ಒಬ್ಬೊಬ್ಬ ಹೆಂಗಸು ಎರಡೂ ಕೈಯಲ್ಲಿ ರಾಶಿ ಮಗ್ಗು ಎತ್ತಿಕೊಂಡು ಜನರ ನಡುವೆ ನುಗ್ಗಿ ಬರುತ್ತಿದ್ದಳು. ಸಂತೆಯಲ್ಲಿ ಪುಟ್ಟಿ ಹೊತ್ತು ದಾರಿ ಬಿಡಿಸಿಕೊಳ್ಳುವ ನಮ್ಮ ಹೆಣ್ಣುಮಕ್ಕಳದೇ ಠೀವಿ. ಚಕ್ಕುಲಿಯನ್ನು ಯಾರೋ ತಲೆದಿಂಬಿನಷ್ಟು ದೊಡ್ಡದು ಮಾಡಿ ಉಪ್ಪು ಉದುರಿಸಿದಂಥ ರೊಟ್ಟಿ. ಹುರಿದ ಕೋಳಿಯ ವಾಸನೆ.

ಪಾರಿಗೆ, ರೆಹಾನಾಗೆ ಹೆಲ್ಗಾ ಸೇಬಿನ ರಸ ತರಿಸಿದಳು. ಅದೂ ಅದೇ ಬಣ್ಣ, ಅಂಥದೇ ಮಗ್ಗು. ರೆಹಾನಾ ಕೋಳಿ ಮುಟ್ಟದೆ ಬೇಯಿಸಿದ ಆಲೂಗಡ್ಡೆ ತರಿಸಿಕೊಂಡು, ಪರ್ಸಿನಿಂದ ಪೊಟ್ಟಣ ತೆಗೆದು ಖಾರದ ಪುಡಿ ಉದುರಿಸಿಕೊಂಡಳು. ಹೆಲ್ಗಾಳ ಗಂಡ ಸೀನಿದ. (ಪಾಪ, ದೊಡ್ಡ ಮನುಷ್ಯ. ಸೀನು ಕೂಡ ದೊಡ್ಡದು.)

ನನಗೆ ಬಿಯರ್ ತರಿಸಿದರು. ನಾನು ಬೇಡ ಅನ್ನಲಿಲ್ಲ. ವರ್ಷಕ್ಕೊಮ್ಮೆ, ಗೋವಾಕ್ಕೆ ಹೋದಾಗ, ಯಜಮಾನರ ಜೊತೆ ಒಂದು ಗ್ಲಾಸು ಕುಡಿಯುವವಳು ನಾನು. ಈ ಅಂಕಣದಲ್ಲಿ ಇದನ್ನು ಹಿಂದೆಂದೂ ಬರೆದಿಲ್ಲ. ಯಾಕೆ ಬರೆದಿಲ್ಲ? ಕಾರಣ ನಿಮಗೂ ಗೊತ್ತು.

ಪಾರಿ ತನ್ನ ರಸ ಮುಟ್ಟದೆ ಪಕ್ಕದ ಮೇಜನ್ನೇ ನೋಡುತ್ತಿದ್ದಳು. ಅಲ್ಲೊಂದು ಮನೆತನವೇ ಕುಳಿತಿತ್ತು. ಅಜ್ಜ, ಅಜ್ಜಿ, ಮಗ, ಸೊಸೆ, ತೊಡೆಯ ಮೇಲೆ ಮೊಮ್ಮಗಳು. ಮಗುವನ್ನು ಬಿಟ್ಟು ಎಲ್ಲರ ಮುಂದೂ ಮಗ್ಗು. ಅಜ್ಜ ತನ್ನದನ್ನು ನಿಧಾನವಾಗಿ ಮುಗಿಸಿ, ಮೀಸೆ ಒರೆಸಿಕೊಂಡು ಎದ್ದ. ಅಜ್ಜಿಗೆ ಕೋಟು ಹಿಡಿದು ತೋಳು ಹಾಕಿಸಿದ. ಇಬ್ಬರೂ ಕೈ ಹಿಡಿದುಕೊಂಡು ಹೊರಟರು.

ಪಾರಿ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು. "ಅವರು ಮನೀಗೆ ಹೊಂಟ್ರೇನು?"

ಇರಬೇಕು ಅಂದೆ.

"ಕುಡದು ಸೀದಾ ಮನೀಗೆ ಹೊಂಟ್ರು?"

ಆ ಅಜ್ಜ ಅಜ್ಜಿ ಜನರಲ್ಲಿ ಮರೆಯಾಗುವವರೆಗೂ ಪಾರಿ ನೋಡಿದಳು. ಆಮೇಲೆ ನನ್ನ ಕಡೆ ಕೈ ಚಾಚಿ, "ಕೊಡಿಲ್ಲೆ" ಅಂದಳು.

ನನ್ನ ಮಗ್ಗು. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ. ರೆಹಾನಾ ಆಲೂಗಡ್ಡೆ ಬಿಟ್ಟು, ಪಾರಿ, ಬೇಡ ಅಂದಳು. ಅಷ್ಟರಲ್ಲಿ ಪಾರಿ ಮಗ್ಗನ್ನು ಎರಡೂ ಕೈಯಲ್ಲಿ ಎತ್ತಿದ್ದಳು. ಒಂದು ಗುಟುಕು. ಕಣ್ಣು ಮುಚ್ಚಿ ಇನ್ನೊಂದು.

ಹೆಲ್ಗಾಳ ಗಂಡ ಆ ಹೊತ್ತಿಗೆ ಪಾರಿಯ ಫೋನಿನಲ್ಲೇ ನಮ್ಮೆಲ್ಲರ ಫೋಟೋ ತೆಗೆಯುತ್ತಿದ್ದ. ಮಗಳು ವಿದ್ಯಾ ದಿನಾ ಫೋಟೋ ಕಳಿಸು ಅಂತ ಅವ್ವನಿಗೆ ತಾಕೀತು ಮಾಡಿದ್ದಳಲ್ಲ, ಅದಕ್ಕೆ.

ಪಾರಿ ಮಗ್ಗು ಕೆಳಗಿಟ್ಟಳು. ಮುಖ ಹಿಂಡಿಕೊಂಡಿತ್ತು. ಸೆರಗಿನಿಂದ ತುಟಿ ಒರೆಸಿಕೊಂಡು ಮಗ್ಗಿನೊಳಗೆ ಇಣುಕಿ ನೋಡಿದಳು, ಒಳಗೆ ಇನ್ನೇನಾದರೂ ಇದೆಯೇನೋ ಎಂಬಂತೆ.

"ಇಷ್ಟೇನಾ?" ಅಂದಳು. ಮಗ್ಗನ್ನು ಅತ್ತ ತಳ್ಳಿ, "ಇದಕ್ಕನಾ?"

ಬ್ಯಾಂಡು ಬಾರಿಸುತ್ತಲೇ ಇತ್ತು. ಜನ ಬೆಂಚು ಹತ್ತಿ ಕುಣಿಯುತ್ತಿದ್ದರು. ರೆಹಾನಾ ಏನಾದರೂ ಹೇಳಬೇಕೆಂದು, ನಿನ್ನ ಗಂಡ ಕುಡಿಯುತ್ತಿದ್ದದ್ದು ಬಿಯರ್ ಅಲ್ಲ ಬಿಡು ಅಂದಳು.

"ಗೊತ್ತೈತಿ. ಎಲ್ಲಾ ಒಂದ ಮನೆತನದ್ದ" ಅಂದಳು ಪಾರಿ. ಆಮೇಲೆ ಮೇಜಿನ ಮೇಲೆ ಬೆರಳಿನಿಂದ ನೀರಿನ ಗೆರೆ ಎಳೆಯುತ್ತಾ ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯಲಾರೆ. "ಬಾಳೇವು ಪೂರ್ತಿ ಇದು ನನಗ ಸವತಿಯಾಗಿತ್ತು ಲೇ. ಮಾರಿ ನೋಡಿರಲಿಲ್ಲ. ಒಂದ ಸಲ ನೋಡಬೇಕಿತ್ತು."

ನಾವು ಸಂಜೆಯ ಬಿಸಿಲಿರುವಾಗಲೇ ಹೊರಟೆವು. ಟೆಂಟಿನ ಹಿಂದೆ ಹುಲ್ಲಿನ ದಿಬ್ಬ. ಅಲ್ಲೊಬ್ಬ ಗಂಡಸು ಅಂಗಿಯೆಲ್ಲ ಹೊಲಸು ಮಾಡಿಕೊಂಡು ಬಿದ್ದಿದ್ದ. ಪಕ್ಕದಲ್ಲಿ ಅವನ ಹೆಂಡತಿಯಿರಬೇಕು, ಮೊಣಕಾಲಿನಲ್ಲಿ ತಲೆಯಿಟ್ಟು ಕುಳಿತಿದ್ದಳು. ಹೆಲ್ಗಾ ನಾಚಿಕೆಪಟ್ಟು ನಮ್ಮನ್ನು ಬೇರೆ ದಾರಿಗೆ ತಿರುಗಿಸಲು ನೋಡಿದಳು. ಪಾರಿ ತಿರುಗಲಿಲ್ಲ. ದಿಬ್ಬ ಹತ್ತಿ ಹೋಗಿ, ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಆ ಹೆಂಗಸಿನ ಕೈಗೆ ಕೊಟ್ಟಳು. ಅವನನ್ನು ಮಗ್ಗುಲಾಗಿ ಮಲಗಿಸು, ಬೆನ್ನ ಮೇಲೆ ಬೇಡ ಅಂತ ಕೈಸನ್ನೆ ಮಾಡಿ, ತಾನೇ ಹೊರಳಿಸಿಯೂ ಕೊಟ್ಟಳು. ಎಷ್ಟು ಸಲ ಮಾಡಿದ ಕೆಲಸವೋ. ಆ ಹೆಂಗಸು ಏನೋ ಅಂದಳು. ಇವಳೂ ಏನೋ ಅಂದಳು. ಇಬ್ಬರಿಗೂ ಅರ್ಥವಾದ ಹಾಗೆ ಕಂಡಿತು.

ಹೆಲ್ಗಾಳ ಮನೆಗೆ ಹೋದ ಮೇಲೆ ಪಾರಿ ಆ ದಿನದ ಫೋಟೋಗಳನ್ನೆಲ್ಲ ಎಂದಿನಂತೆ ಮಗಳಿಗೆ ಕಳಿಸಿದಳು. ಒಂದನ್ನೂ ಆರಿಸಲಿಲ್ಲ, ಒಂದನ್ನೂ ಬಿಡಲಿಲ್ಲ. ಆರಿಸುವುದು ಅವಳಿಗೆ ಹೊಳೆಯಲೇ ಇಲ್ಲ. ನಾನು ಪಕ್ಕದಲ್ಲೇ ಕುಳಿತಿದ್ದೆ. ನನಗಾದರೂ ಹೊಳೆಯಬೇಡವೇ? ಬರೆಯುವವಳು, ನಾಲ್ಕು ಮಂದಿ ಹೇಗೆ ಓದುತ್ತಾರೆ ಎಂದು ಯೋಚಿಸಿಯೇ ಬದುಕುವವಳು. ನಾನು ಆಗ ಕಾಲು ಚಾಚಿಕೊಂಡು ರೊಟ್ಟಿ ತಿನ್ನುತ್ತಿದ್ದೆ.

ವಿದ್ಯಾ ರಾಣೆಬೆನ್ನೂರಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಒಳ್ಳೆಯ ಹುಡುಗಿ. ಅವಳಿಗೆ ಆ ಫೋಟೋದಲ್ಲಿ ಕಂಡದ್ದು ಬಿಯರ್ ಅಲ್ಲ. ಇಳಕಲ್ ಸೀರೆ ಉಟ್ಟು, ಹಣೆಗೆ ಕುಂಕುಮವಿಲ್ಲದೆ, ಮದುವೆಯಾದಾಗಿನಿಂದ ಊರು ಬಿಡದ ತನ್ನ ಅವ್ವ ಬ್ಯಾಂಡಿನ ಮುಂದೆ ಕುಳಿತಿದ್ದಾಳೆ. ಅಷ್ಟೇ. ಖುಷಿಯಲ್ಲಿ ಸ್ಟೇಟಸ್ಸಿಗೆ ಹಾಕಿದಳು. 'ನಮ್ಮವ್ವ ಜರ್ಮನಿಯೊಳಗ' ಅಂತ ಬರೆದು, ಎರಡು ಕೆಂಪು ಹೃದಯ.

ಬೆಳಗಾಗುವಷ್ಟರಲ್ಲಿ ತೆಗೆದಳು. ಪಾರ್ಲರಿಗೆ ಬರುವ ಯಾರೋ ಫೋನ್ ಮಾಡಿ, ಅವ್ವನ ಕೈಯಲ್ಲಿರುವುದು ಏನು ಅಂತ ಕೇಳಿದ್ದರಂತೆ. ಆದರೆ ಸ್ಟೇಟಸ್ ತೆಗೆದರೆ ಫೋಟೋ ಹೋಗುತ್ತದೆಯೇ? ಅದಾಗಲೇ ಗುತ್ತಲ ಮುಟ್ಟಿತ್ತು. ಯಾರೋ ಪುಣ್ಯಾತ್ಮರು ನಮ್ಮಿಬ್ಬರನ್ನು ಕತ್ತರಿಸಿ, ಪಾರಿಯೊಬ್ಬಳನ್ನೇ ಉಳಿಸಿದ್ದರು.

ನಾವು ಬೆಂಗಳೂರಿಗೆ ಬಂದು ಇಳಿದಾಗ ಮೂವರ ಫೋನೂ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ವಿದ್ಯಾ ಅಳುತ್ತಿದ್ದಳು. ಪಾರಿ ಅವಳಿಗೆ ಸಮಾಧಾನ ಹೇಳಿದ್ದು ನನಗೆ ಕೇಳಿಸಿತು. ನೀನೇನು ತಪ್ಪು ಮಾಡಿದಿ, ಅವ್ವನ ಫೋಟೋ ಹಾಕಿದಿ ಅಷ್ಟೇ ಅಂತ.

ರೈಲಿನಲ್ಲಿ ರೆಹಾನಾ, ನಾನು ಕೂಡಿ ಉಪಾಯ ಮಾಡಿದೆವು. ಸೇಬಿನ ರಸ ಅಂತ ಹೇಳಿದರಾಯಿತು. ಪೂರ್ತಿ ಸುಳ್ಳೂ ಅಲ್ಲ, ಅವಳ ಮುಂದೆ ಸೇಬಿನ ರಸದ ಮಗ್ಗೂ ಇತ್ತಲ್ಲ! ಸಾಕ್ಷಿಗೆ ನಾವಿಬ್ಬರು. ಪಾರಿ ಕಿಟಕಿಯಾಚೆ ನೋಡುತ್ತಾ ಕುಳಿತಿದ್ದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಪ್ಪಿದಳು ಅಂದುಕೊಂಡೆ.

(ರೆಹಾನಾಳ ಕಥೆ ಇನ್ನೊಂದು. ಕುಡಿಯದೆಯೇ ಅವಳೂ ಸಿಕ್ಕಿಬಿದ್ದಿದ್ದಳು. ವಿದ್ಯಾಳ ಸ್ಟೇಟಸ್ಸಿನಲ್ಲೇ ಇದ್ದ, ಅವಳ ಮುಂದೆ ಮಗ್ಗಿದ್ದ ಬೇರೊಂದು ಫೋಟೋ ನೋಡಿ ಅವಳಣ್ಣ ವಾರಗಟ್ಟಲೆ ಮಾತಾಡಲಿಲ್ಲ. ಅದು ನಿಜಕ್ಕೂ ಸೇಬಿನ ರಸ. ಅವನು ನಂಬಲಿಲ್ಲ.)

ನಾವು ಊರಿಗೆ ಬಂದ ನಾಲ್ಕನೆಯ ದಿನ ಸಂಘದ ಸಭೆ ಕರೆದರು. ಊರಿನ ಸಮುದಾಯ ಭವನದಲ್ಲಿ, ಮಧ್ಯಾಹ್ನ. ಜಮಖಾನೆಯ ಮೇಲೆ ಹೆಂಗಸರು. ಸಂಘದ ಸಭೆಗೆ ಎಂದೂ ಬಾರದ ಗಂಡಸರೂ ಅವತ್ತು ಬಂದು ಬಾಗಿಲಲ್ಲಿ, ಕಿಟಕಿಯಲ್ಲಿ ನಿಂತಿದ್ದರು. ಕಿರಾಣಿ ಅಂಗಡಿಯವನು ಮುಂದೆಯೇ ಇದ್ದ. ನಾನು ಪಾರಿಯ ಪಕ್ಕ ಕುಳಿತಿದ್ದೆ. ಅಣ್ಣನ ಸಿಟ್ಟಿನ ನಡುವೆ ರೆಹಾನಾಗೆ ಬರಲಾಗಿರಲಿಲ್ಲ, ಸಾಕ್ಷಿಗೆ ಬಂದವಳು ನಾನೊಬ್ಬಳೇ. ಹೇಳಬೇಕಾದ ಮಾತನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ.

ಉಪಾಧ್ಯಕ್ಷೆ ಶಾಂತವ್ವ ಎದ್ದು ನಿಂತಳು. ಅವಳು ಕೊಟ್ಟ ದಾರಿ ನಮ್ಮ ಉಪಾಯಕ್ಕಿಂತ ಅಗಲವಾಗಿತ್ತು. "ಅಕ್ಕಾ, ಅದು ಖರೇ ಫೋಟೋ ಅಲ್ಲ ಅಂತ ನಮಗ ಗೊತ್ತೈತಿ. ಈಗ ಫೋನಿನ್ಯಾಗ ಏನ ಬೇಕಾದ್ರೂ ಮಾಡ್ತಾರ. ನೀ ನಿನ್ನ ಬಾಯಿಲೆ ಒಂದು ಮಾತು ಹೇಳಿಬಿಡು. ಮುಗೀತು."

ಎಷ್ಟು ಸುಲಭ ನೋಡಿ. ಇಡೀ ಭವನ ಅವಳನ್ನು ನಂಬಲು ಸಿದ್ಧವಾಗಿ ಕುಳಿತಿತ್ತು. ತಲೆ ಅಲ್ಲಾಡಿಸಿದ್ದರೂ ಸಾಕಿತ್ತು.

ಪಾರಿ ಕುಳಿತಲ್ಲೇ ಹೇಳಿದಳು. "ಖರೇ ಫೋಟೋನ ಐತಿ. ಕುಡದೇನಿ. ಎರಡು ಗುಟುಕು."

ಬಾಗಿಲಲ್ಲಿದ್ದ ಗಂಡಸರಲ್ಲಿ ಯಾರೋ ನಕ್ಕರು. ಪಾರಿ ಅತ್ತ ನೋಡಲಿಲ್ಲ. ಹೆಂಗಸರಿಗೆ, ಯಾಕೆ ಕುಡಿದೆ ಎಂದು ಹೇಳಿದಳು. ಅಜ್ಜ ಅಜ್ಜಿಯ ವಿಷಯ ಹೇಳಿದಳು, ಸವತಿಯ ಮಾತು ಹೇಳಿದಳು, ದಿಬ್ಬದ ಮೇಲೆ ಬಿದ್ದವನ ಹೆಂಡತಿಯ ವಿಷಯವನ್ನೂ ಹೇಳಿದಳು. ಕೆಲವು ಹಿರಿಯ ಹೆಂಗಸರು ಕಣ್ಣು ಒರೆಸಿಕೊಂಡರು. ಅವರಿಗೆ ಅರ್ಥವಾಗಿತ್ತು, ಅದು ನನಗೆ ಕಂಡಿತು.

ಆಗ ಫಕೀರವ್ವ ಎದ್ದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ನೀ ಸುಳ್ಳರ ಹೇಳಬೇಕಿತ್ತಕ್ಕ" ಅಂದಳು. "ಇವತ್ತ ಸಂಜೀಕೆ ನನ್ನ ಗಂಡಗ ನಾ ಏನ ಹೇಳ್ಲಿ?"

ಪಾರಿ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು.

ಆಗ ಆಡಬೇಕಾದ ಒಂದು ಮಾತು ನನ್ನ ಹತ್ತಿರ ಇತ್ತು. ಆ ಮಗ್ಗು ನನ್ನದು. ಅವಳು ಕುಡಿದದ್ದು ಎರಡು ಗುಟುಕು, ಉಳಿದದ್ದೆಲ್ಲ ಕುಡಿದವಳು ನಾನು. ಕುಡಿದು ನಕ್ಕವಳು ನಾನು. ಎದ್ದು ಇಷ್ಟು ಹೇಳಿದ್ದರೆ ಏನಾಗುತ್ತಿತ್ತು? ನಾಲ್ಕು ಮಂದಿಯ ಕಣ್ಣಾದರೂ ಅವಳನ್ನು ಬಿಟ್ಟು ನನ್ನ ಕಡೆ ಹೊರಳುತ್ತಿದ್ದವು. ನಾನು ಏಳಲಿಲ್ಲ. ಬಾಯಿಪಾಠ ಮಾಡಿಕೊಂಡು ಹೋಗಿದ್ದು ಸುಳ್ಳನ್ನು. ನಿಜವನ್ನು ಯಾರು ಬಾಯಿಪಾಠ ಮಾಡಿರುತ್ತಾರೆ? ಜಮಖಾನೆಯ ದಾರ ಕೀಳುತ್ತಾ ಕುಳಿತಿದ್ದೆ. ಕಂಪನಿಯವರು ಏನಂದಾರು, ಯಜಮಾನರ ಕಡೆಯವರು ಏನಂದಾರು, ಪತ್ರಿಕೆಯವರು ಏನಂದಾರು ಎಂದು ಲೆಕ್ಕ ಹಾಕುವುದರೊಳಗೆ ಸಭೆ ಮುಗಿದಿತ್ತು.

ಪಾರಿ ತಾನಾಗಿಯೇ ಅಧ್ಯಕ್ಷಸ್ಥಾನ ಬಿಟ್ಟಳು. ಯಾರೂ ಬಿಡು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಬಸ್ಸಿನವರೆಗೆ ನನ್ನನ್ನು ಕಳಿಸಲು ಬಂದಾಗ ನಾನು ಅವಳ ಮೇಲೇ ರೇಗಿದೆ. (ನಮ್ಮ ಮೇಲೆ ನಮಗೇ ಸಿಟ್ಟು ಬಂದಾಗ ಇನ್ನೊಬ್ಬರ ಮೇಲೆ ಹಾಯುವುದು ಎಷ್ಟು ಆರಾಮ.) ಒಂದು ಸಣ್ಣ ಸುಳ್ಳು ಹೇಳಲು ಏನಾಗಿತ್ತು ನಿನಗೆ, ಫಕೀರವ್ವ ಕೇಳಿದ್ದರಲ್ಲಿ ತಪ್ಪೇನಿದೆ ಅಂದೆ.

ಅವಳು ತಡೆದು ತಡೆದು ಹೇಳಿದಳು. "ಇಷ್ಟು ವರ್ಷ ನಾ ಇವರಿಗೆ ಏನ ಹೇಳೇನಿ? ಗಂಡ ಕುಡದು ಬಂದು ಕುಡದಿಲ್ಲ ಅಂದ್ರ ನಂಬಬ್ಯಾಡ್ರಿ ಅಂತ ಹೇಳೇನಿ. ನಾನೂ ಕುಡದು ಕುಡದಿಲ್ಲ ಅಂದ್ರ, ಅವಗೂ ನನಗೂ ಏನ ಫರಕ?"

ನಾನು ಬಸ್ಸು ಹತ್ತಿದೆ. ಹಾವೇರಿ ಬರುವವರೆಗೆ ಕಿಟಕಿಯ ಕಂಬಿಗೆ ಹಣೆ ಇಟ್ಟುಕೊಂಡಿದ್ದೆ.

ಅವಳು ಮಾಡಿದ್ದೇ ಸರಿ ಎಂದು ಹೇಳಿ ಇಲ್ಲಿಗೆ ಮುಗಿಸಬಹುದಿತ್ತು. ಅಂಕಣಕ್ಕೆ ಅದೇ ಚೆಂದ. ಆದರೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೇನೆ.

ಅಂಗಡಿಯಲ್ಲಿ ಪಾಕೀಟು ಮತ್ತೆ ಬಂದಿವೆ. ಮೊದಲು ಹಿಂದಿನ ಬಾಗಿಲಿನಿಂದ, ಈಗ ಮುಂದಿನಿಂದಲೇ. ಶಾಂತವ್ವ ಇಬ್ಬರನ್ನು ಕರೆದುಕೊಂಡು ಕೇಳಲು ಹೋದರೆ ಅಂಗಡಿಯವನು ಏನೂ ಮಾತಾಡಲಿಲ್ಲವಂತೆ. ಫೋನು ತೆಗೆದು ಫೋಟೋ ತೋರಿಸಿದನಂತೆ. ಅವರು ತಿರುಗಿ ಬಂದರು. ಖಾರದ ಪುಡಿಯ ಕೆಲಸ ನಡೆದಿದೆ, ಹೆಲ್ಗಾ ಈಗಲೂ ತರಿಸಿಕೊಳ್ಳುತ್ತಾಳೆ. ಆದರೆ ಹೆಂಗಸರು ಒಟ್ಟಿಗೆ ಕೂರುವುದಿಲ್ಲ. ತಮ್ಮ ತಮ್ಮ ಮನೆಗೆ ಚೀಲ ಒಯ್ದು ತೊಟ್ಟು ಬಿಡಿಸುತ್ತಾರೆ.

ಫಕೀರವ್ವನ ಗಂಡ ಮತ್ತೆ ಶುರುಮಾಡಿದ್ದಾನೆ. ನಿಮ್ಮ ಅಕ್ಕನೇ ಕುಡಿಯುತ್ತಾಳೆ, ನನಗೇನು ಹೇಳುತ್ತಿ ಅನ್ನುತ್ತಾನಂತೆ. ಅವನು ಹೇಗೂ ಶುರುಮಾಡುತ್ತಿದ್ದನೇ, ಈ ನೆಪಕ್ಕಾಗಿಯೇ ಕಾಯುತ್ತಿದ್ದನೇ? ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಅದರಿಂದ ಫಕೀರವ್ವನ ಮೈಮೇಲಿನ ಪೆಟ್ಟು ಕಡಿಮೆಯಾಗುವುದಿಲ್ಲ.

ಹೋದ ವಾರ, ಬರೆಯಲೇ ಅಂತ ಕೇಳಿದ ಆ ಫೋನಿನಲ್ಲೇ, ಪಾರಿಯನ್ನು ಇನ್ನೊಂದನ್ನೂ ಕೇಳಿದ್ದೆ. ಈಗ ಪಶ್ಚಾತ್ತಾಪ ಇದೆಯೇ ಅಂತ. ಕುಡಿದಿದ್ದಕ್ಕೆ ಇಲ್ಲ ಅಂದಳು. ಹೇಳಿದ್ದಕ್ಕೂ ಇಲ್ಲವಂತೆ. ಮತ್ತೆ ಯಾತಕ್ಕೆ?

"ಮೊದಲ ಫಕೀರವ್ವನ ಮನೀಗೆ ಹೋಗಬೇಕಿತ್ತು. ಆಕಿ ಒಬ್ಬಾಕಿ ಮುಂದ ಕುಂತು ಹೇಳಬೇಕಿತ್ತು. ಆಕಿ ಮಂದಿ ನಡುವ ಕುಂತು ಕೇಳೂಹಂಗ ಮಾಡಿದೆ."

ಆಮೇಲೆ ಒಂದು ದಿನ ಹೋದಳಂತೆ. ಫಕೀರವ್ವ ಒಳಗೆ ಕರೆದಳು, ಚಾಪೆ ಹಾಸಿದಳು, ನೀರು ಕೊಟ್ಟಳು. ಮಾತು ಮಾತ್ರ ಆಡಲಿಲ್ಲ. ಅವಳ ಎಡಗಣ್ಣಿನ ಕೆಳಗೆ ಕಪ್ಪಾಗಿತ್ತು. ಪಾರಿ ನೀರು ಕುಡಿದು ಎದ್ದು ಬಂದಳು.

ನಾನೂ ಈ ಬರಹವನ್ನು ಒಂದು ತಿಂಗಳು ತಡವಾಗಿ ಬರೆಯುತ್ತಿದ್ದೇನೆ. ಸಮುದಾಯ ಭವನದಲ್ಲಿ, ಅವಳ ಪಕ್ಕದಲ್ಲಿ ಎದ್ದು ನಿಂತು ಆಡಬೇಕಿದ್ದ ಮಾತನ್ನು ಇಲ್ಲಿ, ಮನೆಯಲ್ಲಿ ಕುಳಿತು, ಬಾಗಿಲು ಹಾಕಿಕೊಂಡು ಅಚ್ಚಿಗೆ ಕಳಿಸುತ್ತಿದ್ದೇನೆ. ಇದರಿಂದ ಪಾರಿಗೆ ಏನೂ ಆಗುವುದಿಲ್ಲ, ಫಕೀರವ್ವನಿಗಂತೂ ಆಗುವುದೇ ಇಲ್ಲ. ಧಾರವಾಡದ ಸಂಬಂಧಿಗೆ ಮಾತ್ರ ನಿನ್ನೆ ಉತ್ತರ ಬರೆದೆ, ಆ ಕೈ ಯಾರದೆಂದು. ಎರಡು ನೀಲಿ ಗೆರೆ ಬಂದವು. ಮಾತಿಲ್ಲ, ನಗುವ ಮುಖವೂ ಇಲ್ಲ.

ಒಬ್ಬ ಹೆಂಗಸು ಪರದೇಶದಲ್ಲಿ ಎರಡು ಗುಟುಕು ಕುಡಿದಳೆಂದು ನಾಲ್ಕೇ ದಿನದಲ್ಲಿ ಊರು ಸಭೆ ಸೇರಿತು. ಫಕೀರವ್ವನ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿ ಸಭೆ ಸೇರುವುದು ಯಾವಾಗ?